ಸ್ನಾನವಾದ ಮೇಲೆ, ಮೊಣಕಾಲಿನ ಕೆಳಗೆ

ಬೆಂಗಳೂರಿನಲ್ಲಿ ಮೈ ಒಡೆಯುವ ಕಾಲ ಯಾವುದು ಎಂದು ಕೇಳಿದರೆ ಹೆಚ್ಚಿನವರು ಡಿಸೆಂಬರ್ ಎನ್ನುತ್ತಾರೆ. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನ ಗಾಳಿ ನಿಜಕ್ಕೂ ಒಣಗುವುದು ಸಂಕ್ರಾಂತಿ ಕಳೆದ ಮೇಲೆ. ಫೆಬ್ರವರಿ, ಮಾರ್ಚ್ ತಿಂಗಳ ಮಧ್ಯಾಹ್ನಗಳಲ್ಲಿ ತೇವಾಂಶ ಶೇಕಡಾ 30ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟು ಹೊತ್ತಿಗೆ ಸ್ವೆಟರುಗಳು ಬೀರು ಸೇರಿರುತ್ತವೆ, ಫ್ಯಾನು ತಿರುಗಲು ಶುರುವಾಗಿರುತ್ತದೆ, ಚಳಿಗಾಲ ಮುಗಿಯಿತೆಂದು ವ್ಯಾಸಲಿನ್ ಡಬ್ಬಿಯನ್ನೂ ಎತ್ತಿಟ್ಟಿರುತ್ತೇವೆ. ತೋಳಿಗೆ ಉಗುರು ತಾಗಿದರೆ ಬಿಳಿ ಗೆರೆ ಏಳುವುದು ಸರಿಯಾಗಿ ಅದೇ ದಿನಗಳಲ್ಲಿ.

ಸ್ನಾನ ಮಾಡಿದ ಮೇಲೆ ಮೈಗೆ ಏನಾದರೂ ಹಚ್ಚಬೇಕೇ, ಹಚ್ಚುವುದಾದರೆ ಎಷ್ಟು ಸಲ? ಈ ಪ್ರಶ್ನೆಯನ್ನು ಹದಿಹರೆಯದ ಹುಡುಗಿಯರ ಚಿಂತೆ ಎಂದೋ ಜಾಹೀರಾತಿನವರ ಹುನ್ನಾರ ಎಂದೋ ತಳ್ಳಿಹಾಕುವವರು ನಮ್ಮ ಮನೆಗಳಲ್ಲಿ ಬಹಳ. ನನಗೆ ಮಾತ್ರ ಇದು ಅಪ್ಪನ ನಿದ್ದೆಯ ಪ್ರಶ್ನೆಯಾಗಿ ಎದುರಾಯಿತು. ಬಸವನಗುಡಿಯ ಹಳೆಯ ಮನೆ ಬಿಟ್ಟು ಕನಕಪುರ ರಸ್ತೆಯ ಕಡೆ ನಮ್ಮ ಫ್ಲ್ಯಾಟಿಗೆ ಬಂದ ಮೊದಲ ಬೇಸಿಗೆಯಲ್ಲಿ ಅವರ ಕೋಣೆಯಿಂದ ರಾತ್ರಿಯೆಲ್ಲ ಪರಪರ ಕೆರೆಯುವ ಸದ್ದು ಕೇಳುತ್ತಿತ್ತು. ಬೆಳಿಗ್ಗೆ ನೋಡಿದರೆ ನೀಲಿ ಹೊದಿಕೆಯ ಮೇಲೆ ಬಿಳಿ ಹೊಟ್ಟು. ಪಂಚೆ ಸರಿಸಿ ಕಾಲು ನೋಡಿದೆ. ಎರಡೂ ಕಣಕಾಲಿನ ಮುಂಭಾಗದಲ್ಲಿ ಚರ್ಮ ತೆಳ್ಳಗೆ, ಬಿಗಿಯಾಗಿ, ಸಣ್ಣ ಸಣ್ಣ ಚೌಕಗಳಾಗಿ ಬಿರುಕು ಬಿಟ್ಟಿತ್ತು. ಬಿರುಕಿನ ಅಂಚುಗಳು ಮೇಲೆದ್ದು ಸಿಪ್ಪೆಯಾಗಿದ್ದವು. ನಡುನಡುವೆ ಉಗುರಿನ ಗೀರು, ಒಣಗಿದ ರಕ್ತದ ಚುಕ್ಕೆ. ತೊಡೆ ಚೆನ್ನಾಗಿತ್ತು, ಎದೆ ಚೆನ್ನಾಗಿತ್ತು, ಬೆನ್ನಿನಲ್ಲಿ ಈ ವಯಸ್ಸಿನಲ್ಲೂ ಒಂದಿಷ್ಟು ಜಿಡ್ಡಿತ್ತು.

"ವಯಸ್ಸಾಯಿತಲ್ಲ ಕಣಮ್ಮ, ಒಣಗದೆ ಇನ್ನೇನಾಗುತ್ತದೆ" ಎಂದರು ಅಪ್ಪ. ಲೋಷನ್ ಮಾತು ಎತ್ತಿದಾಗ ಅವರು ಕೇಳಿದ ಪ್ರಶ್ನೆ ನನಗೆ ಬಹಳ ಸರಿಯಾದ ಪ್ರಶ್ನೆ ಅನ್ನಿಸಿತು: "ದಿನಾ ಎರಡು ಬಕೆಟ್ ನೀರು ಸುರಿದುಕೊಳ್ಳುತ್ತೇನೆ. ನೀರು ಬಿದ್ದ ಮೈ ಒಣಗುವುದು ಹೇಗೆ?"

ಉತ್ತರ ಇರುವುದು ಚರ್ಮದ ತೀರಾ ಹೊರಗಿನ ಪದರದಲ್ಲಿ. ಮೈಯ ಹೆಚ್ಚಿನ ಭಾಗದಲ್ಲಿ ಅದರ ದಪ್ಪ 10ರಿಂದ 20 ಮೈಕ್ರೋಮೀಟರ್ ಮಾತ್ರ, ಎಂದರೆ ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲು ಇದ್ದರೆ ಹೆಚ್ಚು. ಚರ್ಮವಿಜ್ಞಾನಿಗಳು ಅದನ್ನು ಇಟ್ಟಿಗೆ ಗೋಡೆಗೆ ಹೋಲಿಸುತ್ತಾರೆ. ಸತ್ತು ಚಪ್ಪಟೆಯಾದ ಕೋಶಗಳು ಇಟ್ಟಿಗೆ, ಅವುಗಳ ನಡುವೆ ತುಂಬಿರುವ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ ಎಂಬ ಜಿಡ್ಡಿನ ವಸ್ತುಗಳು ಗಾರೆ. ಮೈಯೊಳಗಿನ ನೀರು ಹೊರಗಿನ ಒಣ ಗಾಳಿಗೆ ಆರಿಹೋಗದಂತೆ ತಡೆಯುವುದು ಈ ಗಾರೆಯೇ. ಕೋಶಗಳ ಒಳಗೂ ಯೂರಿಯಾ, ಲ್ಯಾಕ್ಟಿಕ್ ಆಮ್ಲ, ಅಮೈನೋ ಆಮ್ಲಗಳಂಥ ಸಣ್ಣ ಅಣುಗಳಿದ್ದು, ನೀರನ್ನು ಹಿಡಿದಿಟ್ಟುಕೊಂಡಿರುತ್ತವೆ. ಆದರೆ ಅವು ನೀರಿನಲ್ಲಿ ಕರಗುವ ವಸ್ತುಗಳು. ಬಹಳ ಹೊತ್ತು ನೆನೆದರೆ ಕರಗಿ ಹರಿದುಹೋಗುತ್ತವೆ. ಬಿಸಿನೀರು ಗಾರೆಯನ್ನು ಸಡಿಲಿಸುತ್ತದೆ, ಸಾಬೂನು ಅದನ್ನು ಕೊಳೆಯ ಜೊತೆಗೇ ಎಬ್ಬಿಸುತ್ತದೆ. ಸ್ನಾನವಾದ ಮೇಲೆ ಮೈಮೇಲೆ ಉಳಿದ ನೀರು ಕೆಲವೇ ನಿಮಿಷಗಳಲ್ಲಿ ಆರುತ್ತದೆ. ಉಳಿಯುವುದು ಸ್ನಾನಕ್ಕೆ ಮೊದಲಿದ್ದುದಕ್ಕಿಂತ ದುರ್ಬಲವಾದ ಗೋಡೆ. ಹರೆಯದ ಚರ್ಮ ಅದನ್ನು ಬೇಗ ಸರಿಪಡಿಸಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಗಾರೆಯ ತಯಾರಿಯೇ ನಿಧಾನ, ಜಿಡ್ಡೂ ಕಡಿಮೆ, ಬೆವರೂ ಕಡಿಮೆ. ಜಿಡ್ಡು ಒಸರುವ ಗ್ರಂಥಿಗಳು ಮುಖ, ಎದೆ, ಬೆನ್ನಿನ ಮೇಲ್ಭಾಗದಲ್ಲಿ ದಟ್ಟವಾಗಿದ್ದು ಕಣಕಾಲಿನಲ್ಲಿ ವಿರಳವಾಗಿರುವುದರಿಂದ ಅಪ್ಪನ ಮೈ ಮೊದಲು ಬಿರಿದದ್ದು ಅಲ್ಲಿಯೇ.

ಹಾಗಾಗಿ ಎಷ್ಟು ಸಲ ಹಚ್ಚಬೇಕು ಎಂಬ ಲೆಕ್ಕವನ್ನು ಲೋಷನ್ ಬಾಟಲಿಯಿಂದ ಶುರುಮಾಡಬಾರದು, ಬಚ್ಚಲುಮನೆಯಿಂದ ಶುರುಮಾಡಬೇಕು ಎಂದು ನಾನು ಹೇಳುತ್ತೇನೆ. ಸ್ನಾನ ಏನನ್ನು ಕೊಂಡೊಯ್ಯುತ್ತದೆ, ಮೈಯ ಯಾವ ಭಾಗದಿಂದ, ವರ್ಷದ ಯಾವ ತಿಂಗಳಿನಲ್ಲಿ ಎಂದು ನೋಡಿದರೆ ಹಚ್ಚುವ ಲೆಕ್ಕ ತಾನಾಗಿಯೇ ಸಿಗುತ್ತದೆ.

ಅಪ್ಪನ ಸ್ನಾನವನ್ನೇ ನೋಡಿ. ಗೀಸರಿನ ಸುಡುನೀರು, ಒಣಗಿದ ಹೀರೇಕಾಯಿಯ ನಾರು, ಅಂಗಾಲಿನಿಂದ ಕುತ್ತಿಗೆಯವರೆಗೆ ಎರಡು ಸುತ್ತು ಸಾಬೂನು. ಸಾಬೂನಿನ ಮೇಲೆ ಈ ಊರಿಗೆ ಅಭಿಮಾನವಿರುವುದು ಸಹಜ. ಮೆಟ್ರೊದ ಹಸಿರು ಮಾರ್ಗದಲ್ಲಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿಯ ಹೆಸರಿನದೇ ಒಂದು ನಿಲ್ದಾಣವಿದೆ. ಸಾಬೂನಿನ ಹೊದಿಕೆಯ ಮೇಲೆ ಟಿಎಫ್‌ಎಂ ಎಂದು ಬರೆದಿರುವುದನ್ನು ಬಹಳ ಜನ ನೋಡಿ ಕೊಳ್ಳುತ್ತಾರೆ. ಅದು ಸಾಬೂನಿನಲ್ಲಿರುವ ಒಟ್ಟು ಕೊಬ್ಬಿನಂಶ. ಭಾರತೀಯ ಮಾನಕದ ಪ್ರಕಾರ ಶೇ. 76 ಮತ್ತು ಮೇಲ್ಪಟ್ಟದ್ದು ಮೊದಲ ದರ್ಜೆ, 70 ಎರಡನೆಯದು, 60 ಮೂರನೆಯದು. ಬೇಡದ ಪುಡಿ ತುಂಬಿಲ್ಲ ಎಂಬುದಕ್ಕೆ ಅದು ಒಳ್ಳೆಯ ಗುರುತೇ. ಆದರೆ ಮೊದಲ ದರ್ಜೆಯದಾದರೂ ಸಾಬೂನು ಕ್ಷಾರವೇ. ಆಮ್ಲ-ಕ್ಷಾರಗಳನ್ನು ಅಳೆಯುವ ಪಿಎಚ್ ಲೆಕ್ಕದಲ್ಲಿ 7ಕ್ಕಿಂತ ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ; ಚರ್ಮದ ಪಿಎಚ್ 5ರ ಹತ್ತಿರ, ಸಾಬೂನಿನದು 9ರಿಂದ 10. ಒಣಮೈಯವರಿಗೆ ಟಿಎಫ್‌ಎಂ ನೋಡುವುದಕ್ಕಿಂತ ಸಾಬೂನು ಹಚ್ಚುವ ಜಾಗವನ್ನು ಕಡಿಮೆ ಮಾಡುವುದು ಹೆಚ್ಚು ಉಪಯೋಗ. ಕಂಕುಳು, ತೊಡೆಸಂದು, ಪಾದ, ಬೆವರು ನಿಲ್ಲುವ ಮಡಿಕೆಗಳು, ಇಷ್ಟಕ್ಕೆ ದಿನಾ ಸಾಬೂನು ಬೇಕು. ಪಂಚೆಯೊಳಗೆ, ಪ್ಯಾಂಟಿನೊಳಗೆ ಇಡೀ ದಿನ ಮುಚ್ಚಿಕೊಂಡಿರುವ ಕಣಕಾಲಿಗೆ ನೀರು ಸಾಕು.

ಇನ್ನು ನೀರು. ಅಪ್ಪನ ಹಳೆಯ ಮನೆಯಲ್ಲಿ ಕಾವೇರಿ ನೀರಿತ್ತು, ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಮೇಲೇರಿ ಬರುವ ಮೆದುನೀರು. ನಮ್ಮದು ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಬಕೆಟ್ಟಿನ ಒಳಮೈಗೆ ಬಿಳಿ ಪಟ್ಟಿ, ಶವರಿನ ತೂತುಗಳಲ್ಲಿ ಸುಣ್ಣದ ಕಲ್ಲು, ಎಷ್ಟು ತಿಕ್ಕಿದರೂ ಏಳದ ನೊರೆ: ಗಡಸುನೀರಿನ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಕೊಬ್ಬಿನಾಮ್ಲದ ಜೊತೆ ಸೇರಿ ಕರಗದ ಕಿಟ್ಟವಾಗುತ್ತದೆ, ಬಚ್ಚಲ ನೆಲಕ್ಕೆ ಅಂಟುವಂತೆಯೇ ಚರ್ಮಕ್ಕೂ ಅಂಟುತ್ತದೆ. ನೊರೆ ಬರಲಿಲ್ಲವೆಂದು ನಾವು ಇನ್ನಷ್ಟು ಸಾಬೂನು ಉಜ್ಜುತ್ತೇವೆ. ಹಾಗೆಂದು ಎಲ್ಲ ತಪ್ಪನ್ನೂ ನೀರಿನ ತಲೆಗೆ ಕಟ್ಟುವಂತಿಲ್ಲ. ಬ್ರಿಟನ್ನಿನಲ್ಲಿ ಎಕ್ಸಿಮಾ (ಚರ್ಮ ಒಣಗಿ ಕೆರೆಯುವ, ನಮ್ಮ ಹಿರಿಯರು ಇಸುಬು ಎನ್ನುವ ಕಾಯಿಲೆ) ಇದ್ದ 336 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಗೆ ನೀರು ಮೆದುಗೊಳಿಸುವ ಯಂತ್ರ ಹಾಕಿಸಿದ್ದರಿಂದ ಕಾಯಿಲೆಗೆ ವಿಶೇಷ ಪ್ರಯೋಜನವೇನೂ ಕಾಣಲಿಲ್ಲ. ಅಪಾರ್ಟ್‌ಮೆಂಟಿನ ಸಭೆಗಳಲ್ಲಿ ಸಾಫ್ಟನರ್ ಹಾಕಿಸಿದರೆ ಎಲ್ಲರ ಚರ್ಮವೂ ಸರಿಹೋಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಇದನ್ನು ನೆನಪಿಡಬೇಕು. ಗೀಸರಿಗೆ, ನಲ್ಲಿಗಳಿಗೆ ಅದು ಒಳ್ಳೆಯದು, ಆ ಲಾಭವೇ ಬೇರೆ.

ಹಚ್ಚುವ ಸಮಯದ ಬಗ್ಗೆ ಒಂದು ಮಾತು ಎಲ್ಲೆಡೆ ಓಡಾಡುತ್ತದೆ: ಸ್ನಾನವಾದ ಮೂರು ನಿಮಿಷದೊಳಗೆ ಹಚ್ಚಬೇಕು, ತಪ್ಪಿದರೆ ವ್ಯರ್ಥ. ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಸ್ವಲ್ಪ ತೇವವಿರುವಾಗಲೇ ಹಚ್ಚುವುದು ಒಳ್ಳೆಯದೇ. ತೆಳುವಾಗಿ ಹರಡುತ್ತದೆ, ಕಡಿಮೆ ಸಾಕಾಗುತ್ತದೆ, ಸ್ನಾನದ ಜೊತೆ ಸೇರಿಕೊಂಡರೆ ಮರೆಯುವುದೂ ಇಲ್ಲ. ಆದರೆ ತಪ್ಪಿದರೆ ವ್ಯರ್ಥ ಎನ್ನುವುದು ಸುಳ್ಳು. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಚರ್ಮದ ತೇವವನ್ನು ಅಳೆದು ನೋಡಿದರು. ಸ್ನಾನವಾದ ತಕ್ಷಣ ಹಚ್ಚಿದ್ದಕ್ಕೂ ಅರ್ಧ ಗಂಟೆ ತಡವಾಗಿ ಹಚ್ಚಿದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಸ್ನಾನವಿಲ್ಲದೆ ಬರೀ ಹಚ್ಚಿದಾಗಲೂ ತೇವ ಚೆನ್ನಾಗಿ ಉಳಿಯಿತು. ಎಕ್ಸಿಮಾ ಇದ್ದ ಮಕ್ಕಳಲ್ಲಿ ಸ್ನಾನ ಮಾಡಿಸಿ ಏನೂ ಹಚ್ಚದೆ ಬಿಟ್ಟಾಗ ಮಾತ್ರ ಅದು ಮೊದಲಿದ್ದುದಕ್ಕಿಂತ ಕೆಳಗಿಳಿಯಿತು. 2024ರ ಬೇಸಿಗೆಯಲ್ಲಿ ನೀರಿಲ್ಲದೆ ಒಂದು ದಿನ ಬಿಟ್ಟು ಒಂದು ದಿನ ಸ್ನಾನ ಮಾಡಿದ ಎಷ್ಟೋ ಮನೆಗಳು ಈ ಊರಿನಲ್ಲಿದ್ದವು. ಅಂಥ ದಿನ ಸ್ನಾನವಾಗಲಿಲ್ಲವಲ್ಲ ಎಂದು ಲೋಷನ್ನನ್ನೂ ಬಿಡಬೇಕಿಲ್ಲ. ಮಲಗುವ ಮುನ್ನ ಹಚ್ಚಿದರೂ ಅದರ ಕೆಲಸ ಅದು ಮಾಡುತ್ತದೆ.

ಅಪ್ಪನ ತಕರಾರು ಬೇರೆಯೇ ಇತ್ತು. ಸ್ನಾನಕ್ಕೆ ಮೊದಲು ಎಣ್ಣೆ ಹಚ್ಚುವುದು ಅವರಿಗೆ ಗೊತ್ತು. ನರಕ ಚತುರ್ದಶಿಯ ಅಭ್ಯಂಜನ, ಹಂಡೆಯ ನೀರು, ಸೀಗೆಪುಡಿ, ಕಡಲೆಹಿಟ್ಟು, ಎಲ್ಲವೂ ಅವರ ಬಾಲ್ಯದ್ದು. ಸ್ನಾನ ಮಾಡಿ ಶುದ್ಧವಾದ ಮೇಲೆ ಮತ್ತೆ ಜಿಡ್ಡು ಬಳಿದುಕೊಂಡು ದೇವರ ಮನೆಗೆ ಹೋಗುವುದು ಮಾತ್ರ ಅವರ ಮನಸ್ಸಿಗೆ ಒಗ್ಗಲಿಲ್ಲ. ಇದನ್ನು ನಾನು ಹಟ ಎಂದು ಕರೆಯುವುದಿಲ್ಲ, ಅದಕ್ಕೆ ಅದರದೇ ತರ್ಕವಿದೆ. ಸ್ನಾನಕ್ಕೆ ಮೊದಲು ಹಚ್ಚಿದ ಎಣ್ಣೆ ಸಾಬೂನಿಗೂ ಚರ್ಮಕ್ಕೂ ನಡುವೆ ನಿಂತು ಗಾರೆ ಏಳದಂತೆ ಸ್ವಲ್ಪ ಮಟ್ಟಿಗೆ ಕಾಯುತ್ತದೆ. ಸೀಗೆಪುಡಿ, ಹಿಟ್ಟುಗಳು ಅದನ್ನು ಪೂರ್ತಿ ಕಿತ್ತುಹಾಕುತ್ತಿರಲಿಲ್ಲ, ತೆಳ್ಳನೆಯ ಪದರವೊಂದು ಉಳಿಯುತ್ತಿತ್ತು. ಈಗ ಎಣ್ಣೆ ಹಚ್ಚಿ, ಅದರ ಮೇಲೆ ಎರಡು ಸುತ್ತು ಸಾಬೂನು ಹಾಕಿ ಒಂದು ಹನಿಯೂ ಉಳಿಯದಂತೆ ತಿಕ್ಕುವುದರಿಂದ ಹಳೆಯ ಪದ್ಧತಿಯ ಮುಖ್ಯ ಲಾಭವೇ ಕೈತಪ್ಪುತ್ತದೆ.

ಕೊನೆಗೆ ಆದ ಏರ್ಪಾಡು ಹೀಗೆ. ಸ್ನಾನ, ಪೂಜೆ ಮುಗಿಸಿ ಅಪ್ಪ ದಿವಾನದ ಅಂಚಿಗೆ ಕೂರುತ್ತಾರೆ. "ಕಾಲು ಚಾಚಿ ಅಪ್ಪಾ" ಎನ್ನುತ್ತೇನೆ. ಅಂಗೈಯಲ್ಲಿ ಲೋಷನ್ ತೆಗೆದುಕೊಂಡು ಎರಡೂ ಕೈಗೆ ಸವರಿಕೊಂಡು ಮೊಣಕಾಲಿನಿಂದ ಪಾದದ ಕಡೆಗೆ, ಕೂದಲು ಬೆಳೆಯುವ ದಿಕ್ಕಿನಲ್ಲಿಯೇ ಎಳೆಯುತ್ತೇನೆ. ಮೇಲೆ ಕೆಳಗೆ ಉಜ್ಜಿದರೆ ಕೂದಲ ಬುಡದಲ್ಲಿ ಜಿಡ್ಡು ಕಟ್ಟಿ ಗುಳ್ಳೆ ಏಳಬಹುದು. ಅವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಹಿಮ್ಮಡಿಗೆ, ಅಂಗಾಲಿಗೆ ಹಚ್ಚಿ ಬೆರಳುಗಳ ಸಂದಿಯನ್ನು ಮಾತ್ರ ಒಣಗಿದ್ದಂತೆಯೇ ಬಿಡುತ್ತೇನೆ. ಅಲ್ಲಿ ತೇವ ನಿಂತರೆ ಬೂಷ್ಟು ಹಿಡಿದು ಹುಣ್ಣಾಗುತ್ತದೆ, ಸಕ್ಕರೆ ಕಾಯಿಲೆಯವರಿಗೆ ಪಾದದ ಹುಣ್ಣು ಸಣ್ಣ ವಿಷಯವಲ್ಲ. ಹಚ್ಚಿದ ಕೂಡಲೇ ಎದ್ದು ಓಡಾಡಲು ಬಿಡುವುದಿಲ್ಲ, ಟೈಲ್ಸ್ ನೆಲ ಜಾರುತ್ತದೆ. ಪೇಪರ್ ಓದಿ ಮುಗಿಸುವ ಹೊತ್ತಿಗೆ ಎಲ್ಲ ಒಳಗೆ ಇಳಿದಿರುತ್ತದೆ. ಪೂಜೆಯ ನಂತರ ಎಂದು ನಿಗದಿ ಮಾಡಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಇಂಥ ಲೇಪಗಳು ಬಟ್ಟೆಗೆ ಹೀರಿಕೊಂಡು ಒಣಗಿದರೆ ಆ ಬಟ್ಟೆ ಬೇಗ ಹೊತ್ತಿಕೊಳ್ಳುತ್ತದೆ, ಒಗೆದರೂ ಪೂರ್ತಿ ಹೋಗುವುದಿಲ್ಲ ಎಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿತ್ತು. ದೀಪ, ಮಂಗಳಾರತಿ, ಗ್ಯಾಸ್ ಒಲೆಗಳ ಮುಂದೆ ಹತ್ತಿಯ ಪಂಚೆ, ಸೀರೆಯ ಸೆರಗಿನಲ್ಲಿ ಓಡಾಡುವ ನಮ್ಮ ಮನೆಗಳಿಗೆ ಈ ಎಚ್ಚರಿಕೆ ಹೆಚ್ಚು ಅನ್ವಯಿಸುತ್ತದೆ. ದಿನಾ ಜಿಡ್ಡಿನ ಮುಲಾಮು ಹಚ್ಚಿಸಿಕೊಳ್ಳುವ ಹಿರಿಯರ ಹೊದಿಕೆ, ಪಂಚೆಗಳನ್ನು ಆಗಾಗ ಬಿಸಿನೀರಿನಲ್ಲಿ ಒಗೆಯಬೇಕು, ಅವರನ್ನು ಬೆಂಕಿಯ ಹತ್ತಿರ ಬಿಡಬಾರದು.

ಏನು ಹಚ್ಚಬೇಕು ಎಂಬುದರಲ್ಲಿ ದುಬಾರಿ ಉತ್ತರಗಳು ಬೇಕಾಗಿಲ್ಲ. 2004ರಲ್ಲಿ ಪ್ರಕಟವಾದ ಫಿಲಿಪ್ಪೀನ್ಸಿನ ಅಧ್ಯಯನವೊಂದರಲ್ಲಿ ಒಣಚರ್ಮದ 34 ಮಂದಿಗೆ ಎರಡು ವಾರ ದಿನಕ್ಕೆರಡು ಸಲ ಕೊಬ್ಬರಿ ಎಣ್ಣೆ ಅಥವಾ ಪೆಟ್ರೋಲಿಯಂನಿಂದ ತೆಗೆಯುವ ಮಿನರಲ್ ಆಯಿಲ್ ಹಚ್ಚಿದಾಗ ಎರಡೂ ಸಮವಾಗಿ ಕೆಲಸ ಮಾಡಿದವು. ಎಲ್ಲ ಎಣ್ಣೆಯೂ ಒಂದೇ ಅಲ್ಲ. ಆಲಿವ್ ಎಣ್ಣೆ ಚರ್ಮದ ಗೋಡೆಯನ್ನು ಸಡಿಲಗೊಳಿಸುತ್ತದೆ, ಸೂರ್ಯಕಾಂತಿ ಎಣ್ಣೆ ಹಾಗೆ ಮಾಡುವುದಿಲ್ಲ ಎಂದು 2013ರ ಒಂದು ಅಧ್ಯಯನ ತೋರಿಸಿದೆ. ಮಗುವಿನ ಮೈಗೆ ಆಲಿವ್ ಎಣ್ಣೆ ತರಿಸುವ ಹೊಸ ರೂಢಿ ನನಗೆ ಸರಿ ಕಾಣದಿರುವುದು ಇದಕ್ಕಾಗಿಯೇ. ನೀರು ಆರದಂತೆ ತಡೆಯುವುದರಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು, ಎಂದರೆ ನಾವು ವ್ಯಾಸಲಿನ್ ಎನ್ನುವುದನ್ನು, ಮೀರಿಸಿದ್ದು ಕಡಿಮೆ. ಅದರ ಪೇಟೆಂಟ್ 1872ರದ್ದು, ಬೆಲೆಯೂ ಕೈಗೆಟಕುವಂಥದ್ದು. ಅಂಟು ಅಂಟು ಎನ್ನುವುದೊಂದೇ ಅದರ ದೋಷ. ಗ್ಲಿಸರಿನ್, ಯೂರಿಯಾ ಇರುವ ಕ್ರೀಮುಗಳು ಕಳೆದುಹೋದ ತೇವ ಹಿಡಿಯುವ ಅಣುಗಳ ಜಾಗ ತುಂಬುತ್ತವೆ. ಶೇ. 10ರ ಯೂರಿಯಾ ಕಣಕಾಲಿಗೆ ಒಳ್ಳೆಯದು, ಆದರೆ ಬಿರುಕಿನಲ್ಲಿ ರಕ್ತ ಕಾಣಿಸುತ್ತಿದ್ದರೆ ಉರಿಯುತ್ತದೆ, ಮೊದಲು ಜೆಲ್ಲಿ ಹಚ್ಚಿ ಬಿರುಕು ಮುಚ್ಚಿದ ಮೇಲೆ ಅದು. ಘಮಘಮ ಎನ್ನುವುದನ್ನು ನಾನು ಅಪ್ಪನಿಗೆ ತರುವುದಿಲ್ಲ. ಸುಗಂಧ ಬಿರಿದ ಚರ್ಮಕ್ಕೆ ಅಲರ್ಜಿ ತರುವ ಸಾಮಾನ್ಯ ಕಾರಣಗಳಲ್ಲಿ ಒಂದು.

ಪ್ರಮಾಣದ ಲೆಕ್ಕವೂ ಸರಳ. ಟ್ಯೂಬಿನಿಂದ ತೋರುಬೆರಳಿನ ಕೊನೆಯ ಗೆಣ್ಣಿನಷ್ಟು ಉದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ಬೆರಳುಗಳೂ ಸೇರಿ ಎರಡು ಹಸ್ತದಷ್ಟು ಜಾಗಕ್ಕೆ ಸಾಕು. ದೊಡ್ಡವರ ಇಡೀ ಮೈಗೆ ಒಂದು ಸಲಕ್ಕೆ 20 ಗ್ರಾಂ ಬೇಕಾಗುತ್ತದೆ. 400 ಗ್ರಾಮಿನ ಬಾಟಲಿ ಇಪ್ಪತ್ತು ದಿನಕ್ಕೆ ಖಾಲಿ. ಎರಡೂ ಕಾಲುಗಳ ಮೊಣಕಾಲಿನ ಕೆಳಗಿನ ಭಾಗಕ್ಕೆ, ಪಾದವೂ ಸೇರಿ, 5 ಗ್ರಾಂ ಸಾಕು. ಅದೇ ಬಾಟಲಿ ಎರಡೂವರೆ ತಿಂಗಳು ಬರುತ್ತದೆ. ಪಿಂಚಣಿಯಲ್ಲಿ ನಡೆಯುವ ಮನೆಗೆ ಈ ವ್ಯತ್ಯಾಸ ದೊಡ್ಡದು. ತುಂಬಾ ಖರ್ಚೆಂದು ಪೂರ್ತಿ ಬಿಟ್ಟುಬಿಡುವುದಕ್ಕಿಂತ ಬೇಕಾದ ಜಾಗಕ್ಕಷ್ಟೇ ತಪ್ಪದೆ ಹಚ್ಚುವುದು ಎಷ್ಟೋ ವಾಸಿ.

ಹಾಗಾದರೆ ಎಷ್ಟು ಸಲ? ಇಪ್ಪತ್ತು, ಮೂವತ್ತರ ವಯಸ್ಸಿನ, ಕಾಯಿಲೆಯಿಲ್ಲದ ಚರ್ಮಕ್ಕೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಏನೂ ಹಚ್ಚದಿದ್ದರೆ ನಷ್ಟವಿಲ್ಲ. ಮಳೆಗಾಲದ ಗಾಳಿಯಲ್ಲೇ ಸಾಕಷ್ಟು ತೇವವಿರುತ್ತದೆ, ಬೆವರುವ ಬೆನ್ನಿಗೆ ಜಿಡ್ಡಿನ ಕ್ರೀಮು ಮೆತ್ತಿದರೆ ಮೊಡವೆಯೇ ಹೆಚ್ಚು. ಅವರೇ ಚಳಿ ಶುರುವಾದಾಗಿನಿಂದ ಏಪ್ರಿಲ್‌ವರೆಗೆ ಸ್ನಾನವಾದ ಮೇಲೆ ಕೈಕಾಲಿಗೆ ಒಮ್ಮೆ ಹಚ್ಚಿಕೊಂಡರೆ ಸಾಕು. ಇಡೀ ದಿನ ಎಸಿ ಕಚೇರಿಯಲ್ಲಿ ಕೂರುವವರು, ಪಾತ್ರೆ ತೊಳೆದು ಬಟ್ಟೆ ಒಗೆಯುವ ಕೈಗಳು ತಿಂಗಳ ಲೆಕ್ಕ ನೋಡಬೇಕಿಲ್ಲ. ಕೈ ನೀರಿನಿಂದ ಹೊರಬಂದಾಗೆಲ್ಲ ಹಚ್ಚಬಹುದು. ಅರವತ್ತು ದಾಟಿದವರಿಗೆ ವರ್ಷವಿಡೀ ದಿನಕ್ಕೊಮ್ಮೆ ಕಾಲಿಗೆ, ಒಣ ತಿಂಗಳುಗಳಲ್ಲಿ ರಾತ್ರಿ ಇನ್ನೊಮ್ಮೆ. ಎಕ್ಸಿಮಾ ಇರುವವರಿಗೆ ಈ ಮಿತವ್ಯಯ ಸಲ್ಲದು. ಅವರಿಗೆ ಕನಿಷ್ಠ ಎರಡು ಸಲ, ಮೈತುಂಬ ಬೇಕು. ಮೈಯೆಲ್ಲ ಹಬ್ಬಿದ್ದರೆ ದೊಡ್ಡವರಿಗೆ ವಾರಕ್ಕೆ 250ರಿಂದ 500 ಗ್ರಾಂ ಬೇಕಾಗುತ್ತದೆ, ಚರ್ಮ ಚೆನ್ನಾಗಿ ಕಾಣುವ ದಿನಗಳಲ್ಲೂ ನಿಲ್ಲಿಸುವಂತಿಲ್ಲ.

ಹೆಚ್ಚು ಹಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ಉತ್ತರವೂ ಸಿಕ್ಕಿದೆ. ಮನೆತನದಲ್ಲಿ ಅಲರ್ಜಿ ಇದ್ದ ಬ್ರಿಟನ್ನಿನ 1394 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲ ವರ್ಷವಿಡೀ ದಿನಾ ಮಾಯಿಶ್ಚರೈಸರ್ ಹಚ್ಚಿ ನೋಡಿದರು. 2020ರಲ್ಲಿ ಬಂದ ಫಲಿತಾಂಶದ ಪ್ರಕಾರ ಎರಡು ವರ್ಷದ ಹೊತ್ತಿಗೆ ಹಚ್ಚಿದವರಲ್ಲಿ ಶೇ. 23, ಹಚ್ಚದವರಲ್ಲಿ ಶೇ. 25 ಮಕ್ಕಳಿಗೆ ಎಕ್ಸಿಮಾ ಇತ್ತು. ಅದು ಲೆಕ್ಕಕ್ಕೆ ಹಿಡಿಯುವ ಅಂತರವಲ್ಲ. ಹಚ್ಚಿದವರಲ್ಲಿ ಚರ್ಮದ ಸೋಂಕು ತುಸು ಹೆಚ್ಚೇ ಕಂಡಿತು. ಆರೋಗ್ಯವಂತ ಮಗುವಿನ ಮೈಗೆ ಕಾಯಿಲೆ ಬಾರದಿರಲಿ ಎಂದು ದಿನಾ ಕ್ರೀಮು ಮೆತ್ತುವ ತಾಯಂದಿರು ಆ ಆತಂಕವನ್ನು ಬಿಡಬಹುದು. ಒಣಗಿದಾಗ ಹಚ್ಚಿದರೆ ಸಾಕು.

ಅಪ್ಪನ ಕೆರೆತ ಯುಗಾದಿಯ ಹೊತ್ತಿಗೆ ನಿಂತಿತು. ಸುಡುನೀರು ಉಗುರುಬೆಚ್ಚಗಾಯಿತು, ನಾರು ಕಾಲನ್ನು ಬಿಟ್ಟಿತು, ಲೋಷನ್ ಬಂತು. ಇಷ್ಟೆಲ್ಲ ಮಾಡಿ ಎರಡು ವಾರವಾದರೂ ಕೆರೆತ ನಿಲ್ಲದಿದ್ದರೆ ಅದನ್ನು ಒಣಮೈ ಎಂದು ಕರೆಯುತ್ತ ಕೂರಬಾರದು. ಥೈರಾಯ್ಡ್ ಮಂದವಾದರೆ, ಮೂತ್ರಪಿಂಡ ಸೋತರೆ, ಪಿತ್ತರಸ ಹರಿಯುವ ನಾಳ ಕಟ್ಟಿದರೆ ಮೈ ಕೆರೆಯುತ್ತದೆ. ಬೆರಳ ಸಂದಿಯಲ್ಲಿ ಶುರುವಾಗಿ ರಾತ್ರಿ ಹೆಚ್ಚುವ ಕೆರೆತ ಕಜ್ಜಿಯಾಗಿರಬಹುದು, ಮನೆಮಂದಿಗೆಲ್ಲ ಒಟ್ಟಿಗೆ ಚಿಕಿತ್ಸೆ ಬೇಕಾಗುತ್ತದೆ. ಅಂಚು ಕೆಂಪಗಿರುವ ದುಂಡನೆಯ ಕಲೆ ಹುಳುಕಡ್ಡಿಯಾಗಿರಬಹುದು. ಅದಕ್ಕೆ ಎಣ್ಣೆಯೂ ನಾಟುವುದಿಲ್ಲ, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಟ್ಯೂಬು ಮೂರು ದಿನ ಕೆರೆತ ಅಡಗಿಸಿ ಆಮೇಲೆ ಅದನ್ನು ಇಡೀ ಮೈಗೆ ಹಬ್ಬಿಸುತ್ತದೆ. ಇಂಥ ಲಕ್ಷಣ ಕಂಡರೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೋ ಪರಿಚಯದ ಚರ್ಮವೈದ್ಯರ ಬಳಿಗೋ ಕರೆದುಕೊಂಡು ಹೋಗಿ. ಹೋಗುವಾಗ ಕೆರೆತವಿರುವವರು ಈವರೆಗೆ ಹಚ್ಚಿದ ಎಲ್ಲ ಡಬ್ಬಿ, ಟ್ಯೂಬುಗಳನ್ನೂ ಒಂದು ಚೀಲದಲ್ಲಿ ಹಾಕಿ ಒಯ್ಯಿರಿ.